ಕಡ ತಂದದ್ದು ಕೈಕೊಟ್ಟಾಗ

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯ ನ್ಯಾಯ ಸರಳವಾದದ್ದು. ಅಲ್ಲಿ ಮಾಡಿದವನೂ ಉಣ್ಣುವವನೂ ಒಬ್ಬನೇ. ನಾವಿಂದು ಬಳಸುವ ಸಾಫ್ಟ್‌ವೇರ್ ಈ ನ್ಯಾಯದ ಅಳತೆಗೆ ಸಿಗುವುದಿಲ್ಲ. ಇಲ್ಲಿ ಅಡುಗೆ ಮಾಡಿದವರು ಯಾರೋ, ಬಡಿಸುವವರು ಇನ್ಯಾರೋ, ಉಣ್ಣುವವರು ಮತ್ಯಾರೋ. ಊಟ ಕೆಟ್ಟಾಗ ಯಾರನ್ನು ಕೇಳಬೇಕು?

2018ರ ಫೆಬ್ರವರಿಯಲ್ಲಿ ನಡೆದದ್ದನ್ನು ನೆನೆಯಿರಿ. ತೆಲುಗಿನ 'ಜ್ಞಾ' ಎಂಬ ಒಂದೇ ಅಕ್ಷರ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ವಾಟ್ಸ್‌ಆ್ಯಪ್ ಬರೆದವರು ಆ ಅಕ್ಷರಕ್ಕೆ ಏನೂ ಕೇಡು ಬಗೆದಿರಲಿಲ್ಲ. ಅಕ್ಷರವನ್ನು ಪರದೆಯ ಮೇಲೆ ಮೂಡಿಸುವ ಕೆಲಸವನ್ನು ಆ ಆ್ಯಪ್‌ಗಳೆಲ್ಲ ಫೋನಿನೊಳಗಿನ ಒಂದೇ ಲೈಬ್ರರಿಗೆ ಒಪ್ಪಿಸಿದ್ದವು. ದೋಷ ಇದ್ದದ್ದು ಅಲ್ಲಿ. ಆ್ಯಪಲ್ ಅದೇ ತಿಂಗಳು ಐಒಎಸ್ 11.2.6 ಬಿಡುಗಡೆ ಮಾಡಿ ಸರಿಪಡಿಸಿತು. ಜ್ಞಾನದ ಮೊದಲಕ್ಷರವೇ ಯಂತ್ರವನ್ನು ಕೆಡವಿತು ಎಂದು ನಾವು ನಕ್ಕು ಮರೆತೆವು. ಅದು ಎತ್ತಿದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ, ನಾವು ಕರೆದು ಬಳಸುವ ಕೋಡು. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಪಠ್ಯವಾಗಿಸಲು ನನ್ನಂಥ ಸಂಶೋಧಕರು ಬಳಸುವ ಟೆಸೆರಾಕ್ಟ್ ಅನ್ನೇ ನೋಡಿ. ಅದು ಚಿತ್ರ ಸಂಸ್ಕರಣೆಗೆ ಲೆಪ್ಟೋನಿಕಾ ಎಂಬ ಲೈಬ್ರರಿಯನ್ನು ನಂಬಿದೆ. ಲೆಪ್ಟೋನಿಕಾ ಪಿಎನ್‌ಜಿ, ಟಿಫ್ ಚಿತ್ರಗಳನ್ನು ತೆರೆಯಲು ಬೇರೆ ಲೈಬ್ರರಿಗಳನ್ನು ನಂಬಿದೆ. ಇಂಥ ತಂತ್ರಾಂಶವನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ಮೂಲ ಕೋಡಿನಿಂದ ನಾವೇ ಕಟ್ಟಿಕೊಂಡಾಗ ಒಂದು ಅಪಾಯ ಕಾದಿರುತ್ತದೆ: ಕಟ್ಟುವಾಗ ಕಂಡ ಲೈಬ್ರರಿಯ ಆವೃತ್ತಿಯೇ ಬೇರೆ, ಓಡುವಾಗ ಸಿಗುವ ಆವೃತ್ತಿಯೇ ಬೇರೆ ಆಗಿರಬಹುದು. ಓಣಿಯ ಮನೆಗಳಿಗೆಲ್ಲ ಹೊಸ ನಂಬರು ಬಂದಿದೆ, ಅಂಚೆಯವನ ಕೈಯಲ್ಲಿ ಹಳೆಯ ಪಟ್ಟಿ ಇದೆ, ಹಾಗೆ. ಪ್ರೋಗ್ರಾಂ ತನ್ನದಲ್ಲದ ಜಾಗಕ್ಕೆ ಕೈ ಹಾಕುತ್ತದೆ, ಆಪರೇಟಿಂಗ್ ಸಿಸ್ಟಂ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಲಿನಕ್ಸ್‌ನಲ್ಲಿ ಎಲ್‌ಡಿಡಿ ಎಂಬ ಆದೇಶ ಕೊಟ್ಟರೆ ಯಾವ ಲೈಬ್ರರಿ ಯಾವ ಕಡತದಿಂದ ಬರುತ್ತಿದೆ ಎಂದು ತೋರಿಸುತ್ತದೆ. ಅನೇಕ ಬಾರಿ ಉತ್ತರ ಅಲ್ಲೇ ಇರುತ್ತದೆ. ಯಾರ ಕೋಡಿನಲ್ಲೂ ತಪ್ಪಿಲ್ಲ, ಕೂಡಿಸಿದ ಜಾಗದಲ್ಲಿ ತಪ್ಪಿದೆ.

ಇಲ್ಲಿ ನಾವು ಎರಡು ಪ್ರಶ್ನೆಗಳನ್ನು ಒಂದು ಮಾಡಿ ಕೆಡಿಸುತ್ತೇವೆ. 'ತಪ್ಪು ಯಾರದು' ಎಂಬುದು ಒಂದು. 'ಉತ್ತರ ಕೊಡಬೇಕಾದವರು ಯಾರು' ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಎರಡನೆಯದರಿಂದ ಬಿಡುಗಡೆಯಾಯಿತು ಎಂದುಕೊಳ್ಳುವುದು ನಮ್ಮ ಚಾಳಿ. 'ನಮ್ಮ ಕೋಡು ಸರಿ ಇದೆ, ಲೈಬ್ರರಿಯದು ಸಮಸ್ಯೆ' ಎಂಬ ಮಾತು ನಿಜವೇ ಇರಬಹುದು. ಆದರೆ ಆ ನಿಜ ಬಳಕೆದಾರನ ಯಾವ ಕೆಲಸಕ್ಕೂ ಬರುವುದಿಲ್ಲ.

ಲೈಬ್ರರಿ ಬರೆದವರನ್ನು ಕೇಳೋಣವೇ? ಮುಕ್ತ ತಂತ್ರಾಂಶದ ಪರವಾನಗಿಗಳು ಸಾಮಾನ್ಯವಾಗಿ ಮೊದಲೇ ಹೇಳಿಬಿಡುತ್ತವೆ: ಇದು ಇದ್ದ ಹಾಗೆ ಕೊಟ್ಟದ್ದು, ಯಾವ ಖಾತರಿಯೂ ಇಲ್ಲ. 2016ರ ಮಾರ್ಚ್‌ನಲ್ಲಿ ಅಝೆರ್ ಕೊಚುಲು ಎಂಬ ಪ್ರೋಗ್ರಾಮರ್ ಹೆಸರಿನ ವಿವಾದವೊಂದರಿಂದ ಬೇಸತ್ತು ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡರು. ಅದರಲ್ಲಿ 11 ಸಾಲುಗಳ 'ಲೆಫ್ಟ್-ಪ್ಯಾಡ್' ಕೂಡ ಇತ್ತು. ಜಗತ್ತಿನ ಎಷ್ಟೋ ಕಡೆ ತಂತ್ರಾಂಶ ಕಟ್ಟುವ ಕೆಲಸವೇ ನಿಂತಿತು. ಪುಕ್ಕಟೆ ತಂದವರು ಕೊಟ್ಟವನ ಮೇಲೆ ಸಿಟ್ಟಾದರು. ನೀರು ಕೊಟ್ಟ ಬಾವಿಯ ಒಡೆಯನಿಗೆ ಋಣ ತೀರಿಸದೆ, ಬಾವಿ ಮುಚ್ಚಿದ ದಿನ ಜಗಳಕ್ಕೆ ಹೋದಂತೆ.

ನಾನಿರುವ ಕಮರಿಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದ ಬೆಂಗೇರಿಯಲ್ಲಿ ಬೇರೊಂದು ಮಾದರಿ ಇದೆ. 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ಧ್ವಜದ ಬಟ್ಟೆ ನೇಯುವುದು ಬಾಗಲಕೋಟೆ ಭಾಗದಲ್ಲಿ. ಬಣ್ಣ, ಚಕ್ರದ ಅಚ್ಚು, ಹೊಲಿಗೆ ಬೆಂಗೇರಿಯಲ್ಲಿ. ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೋದ ನಿಯಮಗಳಿವೆ. ನೇಯ್ಗೆಯ ದೋಷ ನೇಕಾರರದೇ ಇರಬಹುದು. ಆದರೂ ಹಾರಿಸಿದ ಮೇಲೆ ಧ್ವಜ ಹರಿದರೆ 'ಬಟ್ಟೆ ನಮ್ಮದಲ್ಲ' ಎನ್ನಲು ಬರುವುದಿಲ್ಲ. ಹಿಂದಿನವರ ಕೆಲಸವನ್ನು ನಾನು ಒಪ್ಪಿಕೊಂಡ ಗಳಿಗೆಯಲ್ಲಿ ಅದರ ಹೊಣೆಯ ಒಂದು ಪಾಲು ನನ್ನದಾಗುತ್ತದೆ. ಪರೀಕ್ಷೆ ಎಂದರೆ ಅನುಮಾನವಲ್ಲ, ಆ ಒಪ್ಪಿಗೆಯ ಗಂಭೀರ ರೂಪ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಬಹುದು. ನೂರಾರು ಲೈಬ್ರರಿಗಳ ಲಕ್ಷಾಂತರ ಸಾಲುಗಳನ್ನು ಯಾರು ಓದಿಯಾರು? ಆಗದ ಕೆಲಸವನ್ನು ಕರ್ತವ್ಯ ಎನ್ನುವುದು ಅನ್ಯಾಯವಲ್ಲವೇ? ಒಪ್ಪುತ್ತೇನೆ. ಆದರೆ ಹೊಣೆ ಎಂದರೆ ಎಲ್ಲವನ್ನೂ ಬಲ್ಲವರಾಗುವುದಲ್ಲ. ಯಾವ ಆವೃತ್ತಿಯನ್ನು ಎಲ್ಲಿಂದ ತಂದೆ ಎಂದು ಬರೆದಿಡುವುದು, ಬೇಡದ್ದನ್ನು ತರದಿರುವುದು, ಬಿದ್ದಾಗ ಹುಡುಕಿಕೊಂಡು ಹೋಗಲು ದಾರಿ ಉಳಿಸುವುದು, ಇಷ್ಟು ಯಾರಿಗೂ ಸಾಧ್ಯ.

ಇನ್ನೂ ಒಂದಿದೆ. ಲೈಬ್ರರಿ ಸಿಗುತ್ತಿಲ್ಲ ಎಂಬ ದೂರು ಬಂದಾಗ, ಬೇರೆ ಆವೃತ್ತಿಯ ಕಡತಕ್ಕೇ ಹಳೆಯ ಹೆಸರು ಅಂಟಿಸಿ ಪ್ರೋಗ್ರಾಮಿನ ಬಾಯಿ ಮುಚ್ಚಿಸಬಹುದು. ಬಹಳ ಜನ ಮಾಡುವ ಉಪಾಯವಿದು. ಪ್ರೋಗ್ರಾಂ ಓಡುತ್ತದೆ, ಓದಿದ್ದು ಸರಿಯೋ ತಪ್ಪೋ ಯಾರಿಗೆ ಗೊತ್ತು? ಒತ್ತಕ್ಷರ ಕಳೆದುಕೊಂಡ ಪುಟದ ಮೇಲೆ ಒಬ್ಬರ ಪ್ರಬಂಧ, ಅದನ್ನು ನಂಬಿ ಇನ್ನೊಬ್ಬರ ಪುಸ್ತಕ ನಿಲ್ಲಬಹುದು. ಕುಸಿದು ಬಿದ್ದ ಪ್ರೋಗ್ರಾಂ ಕನಿಷ್ಠ ಸುಳ್ಳು ಹೇಳಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿ ಇತ್ತು. ನನ್ನ ಹೊಲಕ್ಕೆ ನೀ ಬಂದೆ, ನಿನ್ನ ಹೊಲಕ್ಕೆ ನಾ ಬರುತ್ತೇನೆ. ಲೆಕ್ಕ ಹಣದಲ್ಲಲ್ಲ, ದುಡಿಮೆಯಲ್ಲಿ. ಕಂಡ ದೋಷವನ್ನು ಯಾವಾಗ, ಹೇಗೆ, ಯಾವ ಆವೃತ್ತಿಯಲ್ಲಿ ಆಯಿತೆಂದು ವಿವರವಾಗಿ ಬರೆದು ಲೈಬ್ರರಿಯ ಲೇಖಕರಿಗೆ ಕಳಿಸುವುದು ಅಂಥ ಒಂದು ಮುಯ್ಯಿ. ಕೆಳಗಿನವರಿಗೆ ಉತ್ತರ ಕೊಡುತ್ತ, ಮೇಲಿನವರ ಋಣ ತೀರಿಸುತ್ತ ನಡುವೆ ನಿಲ್ಲುವುದೇ ಬಡಿಸುವವರ ಧರ್ಮ. ಇಂದು ನಾವೆಲ್ಲ ಒಂದಲ್ಲ ಒಂದು ಪಂಕ್ತಿಯಲ್ಲಿ ಬಡಿಸುವವರೇ.