ತೋಟದ ಋಣವೂ ದಂತವೈದ್ಯೆಯ ಧರ್ಮವೂ

ಮನುಷ್ಯನು ಕೈಕೊಂಡ ವೃತ್ತಿಯ ಧರ್ಮವು ಅವನು ಹುಟ್ಟಿದ ಮನೆಯ ಜೀವನೋಪಾಯಕ್ಕೆ ಎದುರಾಗಿ ನಿಂತರೆ ಯಾವುದನ್ನು ಹಿಡಿಯತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬ ಪ್ರಶ್ನೆಯು ಹಳೆಯದು. ತುಮಕೂರು ಸೀಮೆಯಲ್ಲಿ ಅದು ಈಚೆಗೆ ಹೊಸದೊಂದು ರೂಪವನ್ನು ತಾಳಿದೆ. ಗುಬ್ಬಿಯ ಸಮೀಪದ ಅಡಕೆ ತೋಟದ ಮನೆಯೊಂದರಲ್ಲಿ ಹುಟ್ಟಿ, ತುಮಕೂರಿನಲ್ಲಿ ಪದವಿಪೂರ್ವ ತರಗತಿಗಳನ್ನು ಓದಿ, ದಂತವೈದ್ಯ ಶಿಕ್ಷಣಕ್ಕೆ ಸೇರಿದ ಒಬ್ಬ ಕನ್ಯೆಯನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಲಿ. ಅವಳು ಇಂಥವಳೇ ಎಂದು ಬೆರಳಿಟ್ಟು ತೋರಿಸಬೇಕಾದುದಿಲ್ಲ. ಅಗಳಕೋಟೆಯ ಶ್ರೀ ಸಿದ್ಧಾರ್ಥ ದಂತ ಮಹಾವಿದ್ಯಾಲಯದ ಕಡೆಗೆ ಬೆಳಗ್ಗೆ ನಡೆಯುವ ಹೆಣ್ಣುಮಕ್ಕಳ ಗುಂಪನ್ನು ಕಂಡವರಿಗೆ ಅಂಥವಳನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಅವಳು ಮೊದಲು ಬಯಸಿದ್ದು ದಂತವೈದ್ಯವನ್ನಲ್ಲ. ಹಲವರಂತೆ ಅವಳಿಗೂ ಇಡೀ ಶರೀರದ ವೈದ್ಯಳಾಗಬೇಕೆಂಬ ಆಸೆಯಿದ್ದಿತು. ನೀಟ್ ಪರೀಕ್ಷೆಯ ಅಂಕಗಳು ಅಲ್ಲಿಯವರೆಗೆ ಮುಟ್ಟಲಿಲ್ಲ. ನೆಂಟರು "ಅದಿಲ್ಲದಿದ್ದರೆ ಇದು" ಎಂದರು, ಅವಳೂ ಒಪ್ಪಿದಳು. ನಾಲ್ಕು ವರ್ಷಗಳ ಓದು, ಒಂದು ವರ್ಷದ ಪ್ರಾಯೋಗಿಕ ಸೇವೆ. ಹೀಗೆ ಒಲ್ಲದ ಮನಸ್ಸಿನಿಂದ ಹಿಡಿದ ವಿದ್ಯೆಯು ಸ್ವಧರ್ಮವಾಗಬಲ್ಲುದೆ ಎಂದು ಕೆಲವರು ಶಂಕಿಸುವರು. ಈ ಶಂಕೆಯಲ್ಲಿ ಬಹಳ ತಿರುಳಿಲ್ಲ. ಪ್ರಥಮ ಪ್ರೇಮದಿಂದಲೇ ಹಿಡಿದ ವೃತ್ತಿಗಳು ಲೋಕದಲ್ಲಿ ಎಷ್ಟಿವೆ? ಪಾಠಶಾಲೆಗೆ ಎಳೆದೊಯ್ಯಲ್ಪಟ್ಟು ಅಳುತ್ತ ಕುಳಿತ ಬಾಲಕರಲ್ಲಿಯೇ ಮುಂದೆ ವಿದ್ವಾಂಸರಾದವರುಂಟು. ವೃತ್ತಿಯು ಒದಗಿದ ಬಗೆಗಿಂತ, ಒದಗಿದ ಬಳಿಕ ಅದಕ್ಕೆ ಮನಸ್ಸು ಯಾವಾಗ ಅಂಟಿತೆಂಬುದೇ ವಿಚಾರಣೀಯ.

ದಂತವೈದ್ಯವನ್ನು ವೈದ್ಯದ ಕಿರಿಯ ತಂಗಿಯೆಂದು ಎಣಿಸುವುದಂತೂ ಶಾಸ್ತ್ರಜ್ಞರಿಗೆ ಒಪ್ಪತಕ್ಕ ಮಾತಲ್ಲ. ಸುಶ್ರುತನು ನಿದಾನಸ್ಥಾನದ 16ನೆಯ ಅಧ್ಯಾಯದಲ್ಲಿ ಮುಖರೋಗಗಳನ್ನು 65 ಎಂದು ಎಣಿಸಿ, ತುಟಿಗೆ 8, ಹಲ್ಲಿನ ಬುಡಕ್ಕೆ 15, ಹಲ್ಲಿಗೆ 8, ನಾಲಗೆಗೆ 5, ಅಂಗುಳಕ್ಕೆ 9, ಕಂಠಕ್ಕೆ 17, ಬಾಯಿಗೆಲ್ಲ ವ್ಯಾಪಿಸುವುವು 3 ಎಂದು ಹಂಚಿಕೊಟ್ಟಿದ್ದಾನೆ. ಹಲ್ಲಿಗಿಂತ ಹಲ್ಲಿನ ಬುಡಕ್ಕೇ ರೋಗಗಳು ಹೆಚ್ಚೆಂಬ ಈ ಲೆಕ್ಕವನ್ನು ಇಂದಿನ ದಂತವೈದ್ಯರೂ ತಲೆದೂಗಿ ಒಪ್ಪುವರು. ಆಧುನಿಕ ವಿದ್ಯಾಲಯಗಳ ಇತಿಹಾಸವಾದರೋ ಈ ದೇಶದಲ್ಲಿ ಬಹಳ ಹಿಂದಿನದಲ್ಲ. ಕಲಕತ್ತೆಯಲ್ಲಿ ಡಾ. ರಫೀಉದ್ದೀನ್ ಅಹಮದರು ದಂತವೈದ್ಯ ವಿದ್ಯಾಲಯವನ್ನು ಸ್ಥಾಪಿಸಿದುದು 1920ರಲ್ಲಿ. ದಂತವೈದ್ಯರ ಶಾಸನವು ಬಂದುದು 1948ರಲ್ಲಿ. ಆ ಕಲಕತ್ತೆಯಲ್ಲಿಯೇ ಕಲಿತ ಫಾತಿಮಾ ಜಿನ್ನಾ ಎಂಬಾಕೆ 1923ರಲ್ಲಿ ಮುಂಬಯಿಯಲ್ಲಿ ಚಿಕಿತ್ಸಾಲಯವನ್ನು ತೆರೆದಳು. 1929ರಲ್ಲಿ ಅಣ್ಣನ ಪತ್ನಿಯು ತೀರಿಕೊಂಡ ಮೇಲೆ ಅದನ್ನು ಮುಚ್ಚಿ ಅಣ್ಣನ ಮನೆಯನ್ನು ನೋಡಿಕೊಳ್ಳಲು ಹೊರಟಳು. ಕಲಿತ ಹೆಣ್ಣಿನ ವೃತ್ತಿಯು ಮನೆಯ ಋಣಕ್ಕೆ ಸೋತ ಕಥೆಗಳಲ್ಲಿ ಇದೊಂದು. ಗುಬ್ಬಿಯ ಕನ್ಯೆಗೆ ಎದುರಾದ ಋಣವು ಬೇರೆ ಬಗೆಯದು.

ಮೂರನೆಯ ವರ್ಷದಲ್ಲಿ ಅವಳು ರೋಗಿಗಳ ಮುಂದೆ ನಿಲ್ಲುವಳು. ಕುಣಿಗಲಿನ ಕಡೆಯಿಂದ ಒಬ್ಬ ಲಾರಿ ಚಾಲಕನು ಬಂದನೆನ್ನೋಣ. ವಯಸ್ಸು ಮೂವತ್ತು ದಾಟಿಲ್ಲ. ಬಾಯಿ ತೆರೆ ಎಂದರೆ ಎರಡು ಬೆರಳು ಹಿಡಿಯುವಷ್ಟು ಮಾತ್ರ ತೆರೆಯುವುದು. ಸಾರಿನ ಖಾರವು ನಾಲಗೆಗೆ ಸೋಕಿದೊಡನೆ ಉರಿ. ಮುದ್ದೆಯ ತುತ್ತನ್ನು ಕಿರಿದು ಮಾಡಿ ಕಿರಿದು ಮಾಡಿ ಕೊನೆಗೆ ಅಂಬಲಿಗೆ ಇಳಿದಿದ್ದಾನೆ. ರಾತ್ರಿ ನಿದ್ದೆ ಬಾರದಿರಲೆಂದು ಪಾನ್ ಮಸಾಲದ ಪೊಟ್ಟಣಗಳನ್ನು ಎಂಟು ವರ್ಷ ಜಗಿದವನು. ಕೆನ್ನೆಯ ಒಳಚರ್ಮವು ಬೆಳ್ಳಗಾಗಿ, ಒತ್ತಿದರೆ ಹಗ್ಗದಂತೆ ಎಳೆ ಎಳೆಯಾಗಿ ಬೆರಳಿಗೆ ಸಿಕ್ಕುವುದು. ಈ ರೋಗವನ್ನು 1952ರಲ್ಲಿ ಶ್ವಾರ್ಟ್ಸ್ ಎಂಬಾತನು ಆಫ್ರಿಕದ ಕೆನ್ಯದಲ್ಲಿ ನೆಲಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಕಂಡು ವರ್ಣಿಸಿದನು. ಮರುವರ್ಷ ಮುಂಬಯಿಯ ಜೋಶಿಯವರು ಅದನ್ನು ಇಂದಿನ ಹೆಸರಿಗೆ ಸಮೀಪವಾಗಿ ಹೆಸರಿಸಿದರು. ಅಡಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವೂ ಅದರಲ್ಲಿರುವ ತಾಮ್ರದ ಅಂಶವೂ ಬಾಯಿಯ ಒಳಪದರದಲ್ಲಿ ನಾರನ್ನು ಹೆಚ್ಚಿಸಿ, ಹುಟ್ಟಿದ ನಾರು ಕರಗದಂತೆ ಮಾಡುವುವು. ಬಿಗಿದ ಬಾಯಿ ಮತ್ತೆ ಮೊದಲಿನಂತಾಗುವುದು ದುರ್ಲಭ. ಕೆಲವರಲ್ಲಿ ಅದು ಅರ್ಬುದಕ್ಕೆ ತಿರುಗುವುದೂ ಉಂಟು. ಹೊಗೆಸೊಪ್ಪಿನ ಸಂಗವಿಲ್ಲದ ಬರಿಯ ಅಡಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ವಿಭಾಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೇಳಿತು. ಕರ್ಣಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ವರ್ತಕರು ಹೊಗೆಸೊಪ್ಪನ್ನು ಒಂದು ಪೊಟ್ಟಣದಲ್ಲಿ, ಅಡಕೆಯನ್ನು ಇನ್ನೊಂದರಲ್ಲಿ ಕಟ್ಟಿ ಮಾರತೊಡಗಿದರು. ಕೊಂಡವನು ಅಂಗೈಯಲ್ಲಿ ಎರಡನ್ನೂ ಬೆರಸಿಕೊಂಡನು. ಮನುಷ್ಯನ ಬುದ್ಧಿಯು ಇಂಥ ವಿಷಯಗಳಲ್ಲಿ ಎಂದೂ ಮಂದವಲ್ಲ.

ಆ ದಿನ ಅವಳಿಗೆ ಈ ವಿದ್ಯೆಯು ಅಂಟಿತು. ಆ ದಿನವೇ ಅವಳ ಸಂಕಟವೂ ಮೊದಲಾಯಿತು. ಅವಳ ಶುಲ್ಕವನ್ನು ಕಟ್ಟಿದುದು ಅಡಕೆಯಲ್ಲವೆ? ಕೊಳವೆಬಾವಿಯ ಸಾಲ, ಗೊನೆ ಇಳಿಸುವವರ ಕೂಲಿ, ಸುಲಿದ ಕಾಯನ್ನು ಬೇಯಿಸುವ ಒಲೆ, ಅಂಗಳದಲ್ಲಿ ಹರಡಿದ ರಾಶಿ, ಮಂಡಿಯ ಚೀಟಿ, ಇವುಗಳ ಕೊನೆಯಲ್ಲಿ ಅವಳ ಪುಸ್ತಕವೂ ಉಡುಪೂ ಇವೆ. ಆ ಚಾಲಕನ ಬಾಯಿಯನ್ನು ಬಿಗಿದ ನಾರಿನಲ್ಲಿ ತನ್ನ ಮನೆಯ ತೋಟದ ಒಂದು ಎಳೆಯೂ ಇರಬಹುದೆಂದು ಅವಳಿಗೆ ತೋರಿದರೆ ಅದು ಭ್ರಮೆಯೆಂದು ತಳ್ಳಿಹಾಕುವಂತಿಲ್ಲ.

ಅಡಕೆಯು ಹೆಂಡದಂತೆ ಹಿಂದಿನಿಂದಲೂ ನಿಂದಿತವಾದ ವಸ್ತುವಾಗಿದ್ದರೆ ನಿರ್ಣಯವು ಸುಲಭವಾಗುತ್ತಿದ್ದಿತು. ಅದು ಹಾಗಲ್ಲ. ತಾಂಬೂಲವಿಲ್ಲದೆ ನಿಶ್ಚಿತಾರ್ಥವಿಲ್ಲ, ಮುತ್ತೈದೆಯ ಮರ್ಯಾದೆಯಿಲ್ಲ. ಚರಕನೇ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ಬಾಯಿಯ ಶುದ್ಧಿಗೂ ರುಚಿಗೂ ಸುಗಂಧಕ್ಕೂ ಧರಿಸತಕ್ಕ ದ್ರವ್ಯಗಳಲ್ಲಿ ಜಾಯಿಕಾಯಿ, ಏಲಕ್ಕಿ, ಕರ್ಪೂರಗಳೊಡನೆ ಅಡಕೆಯನ್ನೂ ಸೇರಿಸಿದ್ದಾನೆ. ಶಾಸ್ತ್ರಾಭಿಮಾನಿಗಳು ಇಲ್ಲಿ ಎರಡು ದಾರಿ ಹಿಡಿಯುವರು: ಚರಕನು ಹೇಳಿದ ಮೇಲೆ ಹೊಸ ಸಂಶೋಧನೆಯು ಸುಳ್ಳೆನ್ನುವರು, ಇಲ್ಲವೆ ಚರಕನ ಅಡಕೆಯೇ ಬೇರೆಯೆನ್ನುವರು. ಎರಡೂ ಅಪ್ರಾಮಾಣಿಕವಾದ ದಾರಿಗಳು. ಊಟವಾದ ಮೇಲೆ ಒಂದು ಚೂರನ್ನು ಬಾಯಿಗೆ ಹಾಕುವುದಕ್ಕೂ ಹಗಲಿರುಳು ಕೆನ್ನೆಯಲ್ಲಿ ಒತ್ತರಿಸಿಡುವುದಕ್ಕೂ ಪ್ರಮಾಣದಲ್ಲಿ ಅಂತರವುಂಟು, ನಿಜ; ಆದರೆ ಆ ಅಂತರವು ದೋಷವನ್ನು ಕಡಮೆ ಮಾಡುವುದಲ್ಲದೆ ಇಲ್ಲವಾಗಿಸುವುದಿಲ್ಲ. ರೋಗಿಯನ್ನು ನೋಡಿ ಕಲಿಯಬೇಕೆಂದು ಬೋಧಿಸಿದ ಆಚಾರ್ಯನ ಶಿಷ್ಯರು ರೋಗಿಯನ್ನು ನೋಡಲೊಲ್ಲೆವೆಂದರೆ ಅದು ಆಚಾರ್ಯನಿಗೆ ಮಾಡಿದ ಗೌರವವಾಗದು.

ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಉಪಾಖ್ಯಾನವಿದೆ. ತಪಸ್ವಿಯಾದ ಕೌಶಿಕನು ಮಿಥಿಲೆಗೆ ಹೋಗಿ, ಮಾಂಸದಂಗಡಿಯಲ್ಲಿ ಕುಳಿತ ವ್ಯಾಧನನ್ನು ಕಂಡು, ಈ ಘೋರಕರ್ಮವು ನಿನಗೆ ತಕ್ಕುದೇ ಎಂದು ಕೇಳುವನು. ಇದು ತನ್ನ ಪಿತೃಪಿತಾಮಹರಿಂದ ಬಂದ ವೃತ್ತಿಯೆಂದೂ, ತಾನು ಕೊಲ್ಲದೆ ಇತರರು ಕೊಂದುದನ್ನು ಮಾರುವೆನೆಂದೂ, ತಾನು ಮಾಂಸವನ್ನು ತಿನ್ನೆನೆಂದೂ, ನೇಗಿಲಿನಿಂದ ನೆಲವನ್ನು ಸೀಳುವವನೂ ಎಷ್ಟೋ ಪ್ರಾಣಿಗಳನ್ನು ಕೊಲ್ಲುವನೆಂದೂ ವ್ಯಾಧನು ಉತ್ತರವೀಯುವನು. ಗುಬ್ಬಿಯ ತಂದೆಯೂ ಬಹುಶಃ ಇದನ್ನೇ ಹೇಳುವನು: ತೋಟ ನನ್ನ ಅಜ್ಜನದು, ನಾನು ಬೆಳೆಯುವೆನೇ ಹೊರತು ಪೊಟ್ಟಣ ಕಟ್ಟುವುದಿಲ್ಲ, ನನ್ನ ಬಾಯಿಗೆ ಒಂದು ಹೋಳನ್ನೂ ಹಾಕಿದವನಲ್ಲ. ಮಾತು ಪ್ರಾಮಾಣಿಕವಾದುದು. ತಂದೆಯ ಪಾಲಿಗೆ ಅದು ಸಾಕೆಂದೂ ಹೇಳಬಹುದು. ಅಡಕೆಯ ಮರವು ಫಲಕ್ಕೆ ಬರಲು ಐದಾರು ವರ್ಷ ಬೇಕು, ನಿಲ್ಲುವುದು ಹಲವು ದಶಕ. ನಾಳೆಯೇ ಕಡಿದು ತೆಂಗು ನೆಡು ಎಂದು ಪಟ್ಟಣದಲ್ಲಿ ಕುಳಿತು ಉಪದೇಶಿಸುವವನಿಗೆ ಸಾಲಗಾರನ ಮುಖವು ಗೊತ್ತಿಲ್ಲ.

ಮಗಳ ಪಾಲಿಗೆ ಆ ಉತ್ತರವು ಸಾಲದು. ವ್ಯಾಧನ ಅಂಗಡಿಯಿಂದ ಹೋದ ಪಶುವು ಅವನ ಬಳಿಗೆ ಮರಳಿ ಬಂದು ಬಾಯಿ ತೆರೆದು ತೋರಿಸಲಿಲ್ಲ. ಇವಳ ಬಳಿಗೆ ಬರುತ್ತಲಿದೆ. ಕಂಡ ಮೇಲೆ ಕಾಣದವಳಂತಿರುವುದು ಅವಳಿಗೆ ಶಕ್ಯವಲ್ಲ. ಆದರೆ ಅದೇ ಉಪಾಖ್ಯಾನಕ್ಕೆ ಇನ್ನೊಂದು ಅಂಚೂ ಉಂಟು. ಕೌಶಿಕನು ವೃದ್ಧರಾದ ತಾಯಿತಂದೆಗಳನ್ನು ಕೇಳದೆ ತೊರೆದು ವೇದಾಧ್ಯಯನಕ್ಕೆ ಹೋಗಿದ್ದನು. ವ್ಯಾಧನು ತನ್ನ ಮನೆಯೊಳಗೆ ಕರೆದೊಯ್ದು ತಾನು ಸೇವಿಸುವ ಮಾತಾಪಿತೃಗಳನ್ನು ತೋರಿಸಿ, ಹಿಂದಿರುಗಿ ನಿನ್ನವರನ್ನು ಸಂತೋಷಗೊಳಿಸೆಂದು ಅವನನ್ನು ಕಳುಹಿದನು. ಆದುದರಿಂದ ಆ ಹಣವನ್ನು ಮುಟ್ಟೆನೆಂದು ಮನೆಯನ್ನು ತೊರೆಯುವ ಶುಚಿತ್ವವು ಕೌಶಿಕನ ಮೊದಲ ತಪ್ಪಿನ ಜಾತಿಗೇ ಸೇರಿದುದು. ಅದರಿಂದ ಒಂದು ಬಾಯಿಯೂ ತೆರೆಯುವುದಿಲ್ಲ; ದುಡಿದ ತಂದೆಯೊಬ್ಬನು ಮಗಳ ಮುಂದೆ ಅಪರಾಧಿಯಂತೆ ನಿಲ್ಲುವುದೊಂದೇ ಫಲ. ಹಣವನ್ನು ತೆಗೆದುಕೊಂಡು ಮೌನವಾಗಿರುವುದು ಇನ್ನೂ ಸುಲಭ. ಹೆಚ್ಚಿನವರು ಹಿಡಿಯುವ ದಾರಿ ಅದೇ. ಊರಿನಲ್ಲಿ ಅಡಕೆಯ ವಿಷಯವಾಗಿ ಮಾತೆತ್ತಿದ ವೈದ್ಯೆಯನ್ನು "ಉಂಡ ಮನೆಗೆ ಎರಡು ಬಗೆದಳು" ಎಂದು ಹಳಿಯುವವರು ಇಲ್ಲದಿರರು. ಆದರೆ ತೋಟದ ಋಣವು ವಿದ್ಯೆಗೆ ಸಂದ ಋಣ. ವಿದ್ಯೆಯನ್ನೇ ಬಚ್ಚಿಟ್ಟುಕೊಂಡರೆ ಅದು ತೀರುವ ಬಗೆಯೆಂತು? ಸತ್ಯವನ್ನು ತಂದೆಗೆ ಮೊದಲು ಹೇಳಬೇಕು, ಬಳಿಕ ಊರಿಗೆ. ಊರಿನಿಂದ ಅವನು ಕೇಳುವಂತಾಗಬಾರದು.

ಪ್ರಾಯೋಗಿಕ ಸೇವೆಯ ವರ್ಷದಲ್ಲಿ ಅವಳು ಸುಲಿಗೆಯ ಕಾಲಕ್ಕೆ ಮನೆಗೆ ಬರುವಳೆನ್ನೋಣ. ಅಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತು ಮೆಟ್ಟುಗತ್ತಿಯ ಮೇಲೆ ಕಾಯಿ ಸುಲಿಯುತ್ತಿರುವರು. ಕೆಲವರ ಕೆನ್ನೆಗಳು ಉಬ್ಬಿರುವುವು. ತಂದೆಯು ಜಗಲಿಯ ಮೇಲೆ ಲೆಕ್ಕದ ಪುಸ್ತಕವನ್ನು ಹಿಡಿದು ಕುಳಿತಿರುವನು. ಅವಳು ಹಿಂದಿನ ರಾತ್ರಿ ಅವನಿಗೆ ಎಲ್ಲವನ್ನೂ ಹೇಳಿದ್ದಾಳೆ. ಅವನು ಒಪ್ಪಿದೆನೆಂದೂ ಒಪ್ಪೆನೆಂದೂ ಹೇಳಿಲ್ಲ. ಪುಟ್ಟದೊಂದು ಕನ್ನಡಿಯನ್ನೂ ದೀಪವನ್ನೂ ತೆಗೆದುಕೊಂಡು ಅವಳು ಸಾಲಿನ ಮೊದಲಲ್ಲಿ ಕುಳಿತ ಮುದುಕಿಯ ಮುಂದೆ ಕುಕ್ಕರಿಸಿ, "ಅಜ್ಜೀ, ಬಾಯಲ್ಲಿರುವುದನ್ನು ಉಗಿದು ಒಂದಿಷ್ಟು ಬಾಯಿ ತೆಗೆಯಿರಿ" ಎನ್ನುವಳು. ಮುದುಕಿಯು ಯಜಮಾನನ ಕಡೆಗೆ ನೋಡುವಳು. ಅವನು ಪುಸ್ತಕದಿಂದ ತಲೆಯೆತ್ತಿ, ಕೆಲಸ ನಿಂತಷ್ಟು ಹೊತ್ತಿಗೂ ಕೂಲಿಯುಂಟೆಂದು ಹೇಳಿ, ಮತ್ತೆ ಲೆಕ್ಕದಲ್ಲಿ ತೊಡಗುವನು.