ಸೊಪ್ಪು ಮತ್ತು ಮರ

ರಜೆಗೆ ಶಿರಸಿಗೆ ಬಂದ ಮಗ ನನ್ನ ಫೋನಿನ ಟೆಲಿಗ್ರಾಂ ತೆಗೆದು, ಯಾರೋ ತಿದ್ದಿದ ಇನ್ನೊಂದನ್ನು ಹಾಕಿಕೊಟ್ಟ. ನೋಡಲು ಅದೇ, ಚಾನೆಲ್ಲುಗಳ ಕೆಳಗಿನ ಜಾಹೀರಾತು ಮಾತ್ರ ಇಲ್ಲ. 2022ರಿಂದ ದುಡ್ಡು ಕೊಟ್ಟವರಿಗಷ್ಟೇ ಸಿಗುವ ಅನುಕೂಲ ನನಗೆ ಪುಕ್ಕಟೆ. ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ?

“ಕದ್ದದ್ದಲ್ಲ ಆಯಿ. ಆ್ಯಪಿನ ಕೋಡನ್ನು ಅವರೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ತಿದ್ದಲು ಲೈಸೆನ್ಸೇ ಇದೆ” ಎಂದ. ಅದು ನಿಜ.

ನನಗೆ ನೆನಪಾದದ್ದು ತವರಿನ ಸೊಪ್ಪಿನ ಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವುಂಟು. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು. ಮರ ಮಾತ್ರ ಸರಕಾರದ್ದು. ಕೋಡು ಸೊಪ್ಪಾದರೆ, ನಮ್ಮ ಸಂದೇಶಗಳನ್ನು ಹೊರುವ ಸರ್ವರು ಮರ. ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಅದನ್ನು ಬಳಸುವ ಬೇರೆಯವರ ಆ್ಯಪೂ ಜಾಹೀರಾತು ತೋರಿಸಬೇಕೆಂಬ ಷರತ್ತುಂಟು.

“ಅಷ್ಟು ದೊಡ್ಡ ಕಂಪನಿಗೆ ನಿನ್ನೊಬ್ಬಳಿಂದ ಏನು ನಷ್ಟ?” ಎಂದ ಮಗ. ನನ್ನ ಬಳಿ ಉತ್ತರವಿರಲಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗನೂ ಒಮ್ಮೆ ಹೀಗೇ ಕೇಳಿದ್ದ: “ಇದರಿಂದ ಯಾರಿಗೆ ನಷ್ಟ ಅಕ್ಕೋರೇ?” ಅವನಿಗೂ ಉತ್ತರ ಕೊಟ್ಟಿರಲಿಲ್ಲ, ಹೊರಗೆ ನಿಲ್ಲಿಸಿದ್ದೆ.

ಹಳೆಯ ಆ್ಯಪನ್ನೇ ಮತ್ತೆ ಹಾಕಿಸಿಕೊಂಡೆ. ಜಾಹೀರಾತು ಬಂದಾಗಲೆಲ್ಲ ಬೈದುಕೊಂಡು ಮೇಲೆ ಸರಿಸುತ್ತೇನೆ.