ವಿಧಿವಾಕ್ಯ, ಯಂತ್ರಾಜ್ಞೆ ಮತ್ತು ಯಜಮಾನ

ಆಜ್ಞೆಯನ್ನು ನೆರವೇರಿಸುವವನಿಗೆ ಅದರ ಉದ್ದೇಶ ತಿಳಿದಿರಬೇಕೇ ಎಂಬ ಪ್ರಶ್ನೆಯನ್ನು ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ದರ್ಶನವಾದ ಪೂರ್ವಮೀಮಾಂಸೆಯು ಆಳವಾಗಿ ಪರಿಶೀಲಿಸಿದೆ. ಮೀಮಾಂಸಕ ಕುಮಾರಿಲ ಭಟ್ಟನ ಸಂಪ್ರದಾಯದ ಪ್ರಕಾರ ವಿಧಿವಾಕ್ಯವು, ಅಂದರೆ ಒಂದು ಕರ್ಮವನ್ನು ಮಾಡಬೇಕೆಂದು ವಿಧಿಸುವ ವೇದವಾಕ್ಯವು, ಫಲವನ್ನು ಉಂಟುಮಾಡುವ ಪುರುಷಪ್ರಯತ್ನವನ್ನೂ ಬೋಧಿಸುತ್ತದೆ. ಈ ಪ್ರಯತ್ನಕ್ಕೆ ‘ಆರ್ಥೀಭಾವನೆ’ ಎಂದು ಹೆಸರು. ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು ಎಂಬ ಮೂರು ಆಕಾಂಕ್ಷೆಗಳು ತಣಿದಾಗ ಮಾತ್ರ ಅದು ಪೂರ್ಣವಾಗುತ್ತದೆ. ಇವುಗಳನ್ನು ಕ್ರಮವಾಗಿ ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂದು ಕರೆಯುತ್ತಾರೆ.

ಮನುಷ್ಯನ ಕಣ್ಗಾವಲಿಲ್ಲದೆ ಕಂಪ್ಯೂಟರು ತಾನೇ ನಡೆಸುವ ಕೆಲಸಗಳಿಗೆ ಬರೆಯುವ ಆಜ್ಞಾಸರಣಿಯಾದ ಸ್ಕ್ರಿಪ್ಟನ್ನು ಈ ಮೂರು ಆಕಾಂಕ್ಷೆಗಳ ಬೆಳಕಿನಲ್ಲಿ ನೋಡಬಹುದು. ಬರೆದ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶವೇ ಶೆಲ್; 1979ರಲ್ಲಿ ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಏಳನೆಯ ಆವೃತ್ತಿಯೊಂದಿಗೆ ಹೊರಬಂದ ಬೋರ್ನ್ ಶೆಲ್‌ನ ಪರಂಪರೆಯಲ್ಲಿ ಕಲಿಯುವವರ ಮೊದಲ ಪಾಠಗಳು ಕೆಲವೇ. ಬೆಲೆಯೊಂದನ್ನು ಹೆಸರಿನಡಿ ಇರಿಸುವ ‘ವೇರಿಯಬಲ್’ ಬರೆಯುವಾಗ ಸಮಚಿಹ್ನೆಯ ಆಚೀಚೆ ಜಾಗ ಬಿಡಬಾರದು, ಬಿಟ್ಟರೆ ಶೆಲ್ ಆ ಹೆಸರನ್ನೇ ಆಜ್ಞೆಯೆಂದು ತಿಳಿಯುತ್ತದೆ; ಷರತ್ತು ‘ಇಫ್’ನಿಂದ ತೊಡಗಿ ‘ಫೈ’ನಲ್ಲಿ ಮುಗಿಯಬೇಕು, ಪುನರಾವರ್ತನೆ ‘ಫಾರ್’ನಿಂದ ತೊಡಗಿ ‘ಡನ್’ನಲ್ಲಿ ಮುಗಿಯಬೇಕು; ಪ್ರತಿಯೊಂದು ಆಜ್ಞೆಯೂ ಮುಗಿದಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ, ಅದು ಸೊನ್ನೆಯಾದರೆ ಸಫಲ, ಬೇರೆಯಾದರೆ ವಿಫಲ.

ಇವೆಲ್ಲವೂ ಸಾಧನ ಮತ್ತು ಇತಿಕರ್ತವ್ಯತೆಗಳ ನಿರೂಪಣೆಯೇ ಹೊರತು ಇವುಗಳಲ್ಲಿ ಎಲ್ಲಿಯೂ ಸಾಧ್ಯವು ಉಕ್ತವಾಗಿಲ್ಲ. ತಾತ್ಕಾಲಿಕ ಕಡತಗಳನ್ನು ಅಳಿಸುವ ಸ್ಕ್ರಿಪ್ಟಿನಲ್ಲಿ ಡೈರೆಕ್ಟರಿಯ ಹೆಸರನ್ನು ವೇರಿಯಬಲ್‌ನಲ್ಲಿಟ್ಟು, ಅದರ ಮುಂದೆ ಓರೆಗೆರೆಯನ್ನೂ ನಕ್ಷತ್ರಚಿಹ್ನೆಯನ್ನೂ ಬರೆದಿದ್ದರೆ, ಆ ವೇರಿಯಬಲ್‌ಗೆ ಬೆಲೆ ಸಿಗದೆಹೋದಾಗ ಶೆಲ್ ಅಲ್ಲಿ ಏನೂ ಇಲ್ಲವೆಂದೇ ಎಣಿಸುತ್ತದೆ, ಆಗ ಅಳಿಸುವ ಆಜ್ಞೆಯು ಇಡೀ ವ್ಯವಸ್ಥೆಯ ಮೂಲ ಡೈರೆಕ್ಟರಿಗೇ ಅನ್ವಯಿಸುತ್ತದೆ. ವಾಕ್ಯರಚನೆಯಲ್ಲಿ ದೋಷವಿಲ್ಲದಿದ್ದರೂ ಉದ್ದೇಶವು ಸಂಪೂರ್ಣವಾಗಿ ಕೆಟ್ಟಿರುತ್ತದೆ. ಬೆಲೆಯಿಲ್ಲದ ವೇರಿಯಬಲ್ ಕಂಡಾಗ ನಿಲ್ಲುವಂತೆ ಶೆಲ್‌ಗೆ ಮೊದಲೇ ಹೇಳಿಡಲು ಸಾಧ್ಯವಿದೆ, ಆದರೆ ಆ ಮುನ್ನೆಚ್ಚರಿಕೆಯೂ ಮನುಷ್ಯನದೇ.

ಉದ್ದೇಶವನ್ನು ಅರಿತ ಮನುಷ್ಯನಿಗೂ ಅದನ್ನು ಅರಿಯದ ಯಂತ್ರಕ್ಕೂ ಇರುವ ಈ ಭೇದವನ್ನು ಮೀಮಾಂಸೆಯ ಪ್ರತಿನಿಧಿವಿಚಾರವು, ಅಂದರೆ ಬದಲಿ ದ್ರವ್ಯದ ಚರ್ಚೆಯು, ಸ್ಪಷ್ಟಗೊಳಿಸುತ್ತದೆ. ವಿಧಿಸಿದ ವ್ರೀಹಿ, ಅಂದರೆ ಭತ್ತ, ದೊರೆಯದಿದ್ದರೆ ಅದನ್ನು ಹೋಲುವ ನೀವಾರವೆಂಬ ಕಾಡುಭತ್ತವನ್ನು ಬಳಸಿ ಯಾಗವನ್ನು ಪೂರೈಸಬಹುದೆಂದು ಶಾಸ್ತ್ರವು ನಿರ್ಣಯಿಸುತ್ತದೆ. ಯಾವುದು ಯಾವುದಕ್ಕಾಗಿ ಎಂಬುದನ್ನು ಅರಿತವನು ಮಾತ್ರ ಬದಲಿಯನ್ನು ಹುಡುಕಬಲ್ಲನಾದ್ದರಿಂದ ಈ ಅವಕಾಶವು ಅರ್ಥಜ್ಞಾನವನ್ನು ಅಪೇಕ್ಷಿಸುತ್ತದೆ. ಸ್ಕ್ರಿಪ್ಟಿಗೆ ಕಡತವು ಸಿಗದಿದ್ದಾಗ ಅದು ಬರೆದಿಟ್ಟ ಮಾರ್ಗದಲ್ಲಿ ಮಾತ್ರ ಸಾಗುತ್ತದೆ.

ಹಾಗಾದರೆ ಸಾಧ್ಯವನ್ನು ಎಲ್ಲಿ ಬರೆಯಬೇಕು? ಕರ್ಮವನ್ನು ನೇರವಾಗಿ ವಿಧಿಸದೆ ಅದನ್ನು ಪ್ರಶಂಸಿಸುವ ಅರ್ಥವಾದವಾಕ್ಯಗಳು ವಿಧಿಯೊಂದಿಗೆ ಏಕವಾಕ್ಯವಾಗಿ ಸೇರಿ ಸಾರ್ಥಕವಾಗುತ್ತವೆಂದು ಮೀಮಾಂಸಕರು ಸಾಧಿಸಿದರು. ಸ್ಕ್ರಿಪ್ಟಿನಲ್ಲಿ ‘ಹ್ಯಾಶ್’ ಚಿಹ್ನೆಯಿಂದ ತೊಡಗುವ ಟಿಪ್ಪಣಿಗಳು ಅರ್ಥವಾದಗಳಂತೆ ಏನನ್ನೂ ವಿಧಿಸುವುದಿಲ್ಲ, ಆದರೆ ಯಂತ್ರವು ಅವನ್ನು ಪೂರ್ತಿಯಾಗಿ ಉಪೇಕ್ಷಿಸುವುದರಿಂದ ಅವು ಮುಂದೆ ಓದುವ ಮನುಷ್ಯನಿಗೆ ಮಾತ್ರ ಸಾರ್ಥಕ. ಆರಂಭಿಕನು ಆಜ್ಞೆಯ ರೂಪದೊಂದಿಗೇ ‘ಏಕೆ’ ಎಂಬುದನ್ನೂ ಟಿಪ್ಪಣಿಯಲ್ಲಿ ಬರೆಯಲು ಕಲಿಯಬೇಕಾದುದು ಈ ಕಾರಣದಿಂದ.

ಯಾಗದ ಬಹುಪಾಲು ಕ್ರಿಯೆಗಳನ್ನು ದಕ್ಷಿಣೆಗೆ ಒಪ್ಪಿದ ಪುರೋಹಿತರಾದ ಋತ್ವಿಜರು ನಡೆಸಿದರೂ ಫಲವು ಯಾಗವನ್ನು ಮಾಡಿಸುವ ಯಜಮಾನನಿಗೇ ಸಲ್ಲುತ್ತದೆಂಬುದು ಮೀಮಾಂಸಾಸೂತ್ರಕಾರ ಜೈಮಿನಿಯ ಸಿದ್ಧಾಂತ. ಋತ್ವಿಜನಿಗಿರುವ ಅರಿವೂ ಇಲ್ಲದ ಯಂತ್ರಕ್ಕೆ ಕ್ರಿಯೆಯನ್ನು ಒಪ್ಪಿಸಿದಾಗ ಈ ಸಿದ್ಧಾಂತವು ಇನ್ನಷ್ಟು ಬಲವಾಗಿ ಅನ್ವಯಿಸುತ್ತದೆ. ಯಂತ್ರವು ಮಾಡಿದ ಹಾನಿಯನ್ನು ಯಂತ್ರದ ಮೇಲೆ ಹೊರಿಸುವುದು ಯಜಮಾನನ ಸ್ಥಾನವನ್ನು ತ್ಯಜಿಸಿಯೂ ಫಲವನ್ನು ಬಯಸಿದಂತಾಗುತ್ತದೆ. ಕೈಕೆಲಸವನ್ನು ವರ್ಗಾಯಿಸಬಹುದು, ಕರ್ತವ್ಯವನ್ನು ವರ್ಗಾಯಿಸಲಾಗದು.